ಅಕ್ಕನ ಫೋಟೊ ತೊಳೆದ ನೀರು

ಆ ಫಿಲ್ಮನ್ನು ಕೊನೆಯ ಸಲ ನೀರಿನಲ್ಲಿ ಜಾಲಿಸಿದ್ದು ನಾನೋ ಚಿಕ್ಕಪ್ಪನೋ ಎಂಬುದು ನನಗೆ ಇವತ್ತಿಗೂ ಖಾತ್ರಿಯಿಲ್ಲ. ನಾನೇ ಎಂದು ಬಹಳ ವರ್ಷ ನಂಬಿದ್ದೆ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: "ಅಕ್ಕನ ಫೋಟೊ ಆಯಿತು. ಅತ್ತೆ ಸಂಜೆ ಗಾಡಿಗೆ ಹೋದರು." ಯಾವ ನೀರು, ಯಾರ ಕೈ ಎಂಬುದು ಅಲ್ಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಅರಸೀಕೆರೆಯ ನಮ್ಮ ಮನೆಯ ಮುಂದಿನ ಕೋಣೆಯೇ ಚಿಕ್ಕಪ್ಪನ ಫೋಟೊ ಸ್ಟುಡಿಯೊ. ಅವರು ಹೆಂಚಿನಿಂದ ಇಳಿದ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಬಟ್ಟೆಯಲ್ಲಿ ಸೋಸಿ, ಫಿಲ್ಮ್ ತೊಳೆಯುತ್ತಿದ್ದರು. ಆ ವರ್ಷ ಮನೆಗೆ ನಲ್ಲಿ ಬಂತು. ಬರುತ್ತಿದ್ದದ್ದು ಬೋರ್‌ವೆಲ್ ನೀರು. ನಾನು ಮೈಸೂರಿನಲ್ಲಿ ಬಿಎಸ್ಸಿ ಓದುತ್ತಿದ್ದವಳು ರಜೆಗೆ ಬಂದಿದ್ದೆ. ಡ್ರಮ್ಮಿನಲ್ಲಿ ಹುಳ ಆಡುವುದು ಕಂಡು ಹೇಸಿಗೆಯಾಯಿತು.

"ಹುಳ ಬಿದ್ದ ನೀರಲ್ಲಿ ತೊಳೀತೀರಲ್ಲ ಚಿಕ್ಕಪ್ಪ, ನಲ್ಲಿ ನೀರು ಎಷ್ಟು ತಿಳಿಯಾಗಿದೆ ನೋಡಿ."

"ಅದು ಸವುಳು ನೀರು ಕಣೇ. ಸೋಪು ಹಾಕಿದ್ರೆ ನೊರೇನೇ ಬರಲ್ಲ."

"ಫಿಲ್ಮಿಗೆ ನೊರೆ ಯಾಕೆ ಬೇಕು?"

ಅವರು ನಕ್ಕರು. "ಸರಿಯಮ್ಮ. ಬಿಎಸ್ಸಿ ಹೇಳಿದ ಮೇಲೆ ಮುಗೀತು."

ಗಡಸು ನೀರಿನ ಬಗ್ಗೆ ನಾನು ಅದೇ ವರ್ಷ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕುದಿಸಿದರೆ ಏನಾಗುತ್ತದೆ, ಎಲ್ಲ. ನಮ್ಮ ಬಚ್ಚಲಿನ ಹಂಡೆಯೊಳಗೆ ಕಟ್ಟಿದ್ದ ಬಿಳಿ ಹಕ್ಕಳೆಯೂ ಅದೇ ಎಂದು ಮಾತ್ರ ಹೊಳೆದಿರಲಿಲ್ಲ. ಹೊಳೆದಿತ್ತೋ ಏನೋ, ಮಾತಿನಲ್ಲಿ ಗೆಲ್ಲುವ ಹುಮ್ಮಸ್ಸಿನಲ್ಲಿ ಬದಿಗಿಟ್ಟೆನೋ. ಈಗ ಹೇಳಲಾರೆ.

ಅಕ್ಕನಿಗೆ ಇಪ್ಪತ್ತಾರು. ಎರಡು ಸಂಬಂಧ ಬಂದು ಮುರಿದಿದ್ದವು. ಬಾಣಾವರದಲ್ಲಿದ್ದ ಸೋದರತ್ತೆ ಬೇಲೂರಿನ ಒಂದು ಮನೆಯವರಿಗೆ ಹೇಳಿ, ಜಾತಕ ಮತ್ತು ಫೋಟೊ ಒಯ್ಯಲು ಬಂದರು. ಇದೂ ತಪ್ಪಿದರೆ ಇನ್ನು ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ಅಮ್ಮ ಅಂದಿದ್ದಳು. ಬೆಳಿಗ್ಗೆ ಫೋಟೊ ತೆಗೆದು, ಮಧ್ಯಾಹ್ನ ಫಿಲ್ಮ್ ತೊಳೆದು ಒಣಗಲು ಕ್ಲಿಪ್ಪಿಗೆ ಸಿಕ್ಕಿಸಿದ್ದಾಯಿತು. ಅತ್ತೆಗೆ ಗಾಡಿಯ ಹೊತ್ತಾಗುತ್ತಿತ್ತು. ಪ್ರಿಂಟು ಇನ್ನೂ ಹಸಿಯಾಗಿದ್ದಾಗಲೇ, ಬೆಳಕಿಗೆ ಹಿಡಿದು ನೋಡದೆ, ಕವರಿಗೆ ಹಾಕಿ ಕೊಟ್ಟೆವು.

ಹತ್ತು ಹನ್ನೆರಡು ದಿನಕ್ಕೆ ಅತ್ತೆ ಮತ್ತೆ ಬಂದರು. ಚಪ್ಪಲಿ ಬಿಡುತ್ತಲೇ ಚಿಕ್ಕಪ್ಪನ ಮೇಲೆ ಶುರುಮಾಡಿದರು.

"ಮುಖದಲ್ಲಿ ಬಿಳಿ ಮಚ್ಚೆ ಇರೋ ಹುಡುಗೀನ ವಿಷಯ ಹೇಳ್ದೆ ತೋರಿಸ್ತೀರಾ ಅಂತ ಕೇಳ್ತಾವ್ರೆ ಕಣೋ. ತೊನ್ನು ಅಂತ ಬಾಯಿಬಿಟ್ಟು ಅನ್ಲಿಲ್ಲ, ಅಷ್ಟೆ."

ಅಕ್ಕ ಎದ್ದು ಒಳಗೆ ಹೋದಳು. ಹುಟ್ಟಿದಾಗಿನಿಂದ ತನ್ನ ಮುಖವನ್ನು ಕಂಡವಳು ಕನ್ನಡಿಯ ಮುಂದೆ ನಿಂತು ಕೆನ್ನೆ ಎಳೆದು ನೋಡಿಕೊಳ್ಳುತ್ತಿದ್ದಳು. ಚಿಕ್ಕಪ್ಪ ನೆಗೆಟಿವ್ ತಂದು ಕಿಟಕಿಗೆ ಹಿಡಿದರು. ನಲ್ಲಿ ನೀರಿನ ಹನಿ ನಿಂತಲ್ಲೇ ಒಣಗಿ, ಎರಡು ಕಡೆ ಸುಣ್ಣದಂಥ ಉಂಗುರ. ಒಂದು ತುಟಿಯ ಪಕ್ಕ, ಒಂದು ಹುಬ್ಬಿನ ಕೆಳಗೆ. ಅಲ್ಲಿ ಬೆಳಕು ತಡೆದದ್ದಕ್ಕೆ ಪ್ರಿಂಟಿನಲ್ಲಿ ಬಿಳಿ ಮಚ್ಚೆ ಬಿದ್ದಿತ್ತು.

"ನಾನೇ ತೊಳೆದಿದ್ದು, ಅವಸರದಲ್ಲಿ" ಎಂದರು ಚಿಕ್ಕಪ್ಪ. ನನ್ನ ಕಡೆ ನೋಡಲಿಲ್ಲ. ನಿಜ ಹೇಳಿದರೋ, ನನ್ನನ್ನು ಉಳಿಸಿದರೋ. ಅವರು ಬದುಕಿರುವವರೆಗೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅದೇ ನೆಗೆಟಿವನ್ನು ಮಳೆನೀರಿನಲ್ಲಿ ನೆನೆಸಿ, ತೊಳೆದು, ಕಲೆಯಿಲ್ಲದ ಪ್ರಿಂಟು ಕಳಿಸಿದೆವು. ಬೇಲೂರಿನಿಂದ ಬಂದ ಉತ್ತರ: ಇದು ಟಚ್ ಮಾಡಿದ ಫೋಟೊ. ಅವರ ತಪ್ಪೂ ಅಲ್ಲ. ಮೊಡವೆ ತೆಗೆದು, ಬೋಳುತಲೆಗೆ ಕೂದಲು ಕೊಟ್ಟು ಚಿಕ್ಕಪ್ಪ ಅಷ್ಟು ದೂರಕ್ಕೂ ಹೆಸರಾಗಿದ್ದರು. ಮಚ್ಚೆ ಇದ್ದ ಫೋಟೊ ನಿಜ, ಇಲ್ಲದ್ದು ಸುಳ್ಳು ಎಂದಾಯಿತು. ಕೊನೆಗೆ ಅತ್ತೆ ಕಾಡಿ ಬೇಡಿ, ಹುಡುಗನ ತಾಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದರು.

ಇದು ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ. ಸ್ಪಷ್ಟವಾಗಿರುವುದರಿಂದಲೇ ಈಗ ಅನುಮಾನ. ಆಕೆ ಚಾಪೆಯ ಮೇಲೆ ಕೂತರು. ಅಮ್ಮ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು. ಆಕೆ ಕುಡಿದು, ಲೋಟವನ್ನು ಬಾಗಿಲಿನ ಬೆಳಕಿಗೆ ತಿರುಗಿಸಿದರು.

"ಇದೇನ್ರೀ ಲೋಟದ ಮೇಲೆ ಬಿಳೀ ಕಲೆ?"

"ನಮ್ಮೂರ ನಲ್ಲಿ ನೀರು ಕಣ್ರೀ" ಎಂದಳು ಅಮ್ಮ. "ಎಷ್ಟು ತಿಕ್ಕಿದ್ರೂ ಒಣಗಿದ ಮೇಲೆ ಹಿಂಗೇ. ಬೇಳೇನೂ ಬೇಯಲ್ಲ."

ಆಕೆ ಚೀಲದಿಂದ ಮೊದಲಿನ ಫೋಟೊ ತೆಗೆದು ಲೋಟದ ಪಕ್ಕಕ್ಕೆ ಹಿಡಿದರು. ಚಿಕ್ಕಪ್ಪ ವಿವರಿಸಲು ಬಾಯಿ ತೆರೆದರು.

"ನೀವು ಸುಮ್ನಿರಿ. ಟಚ್ ಮಾಡೋರು ನೀವು" ಎಂದರು ಆಕೆ. ಅತ್ತೆಗೆ ನಗು ತಡೆಯಲಾಗಲಿಲ್ಲ. "ಬಾಮ್ಮಾ ಇಲ್ಲಿ, ಬೆಳಕಿಗೆ" ಎಂದು ಹುಡುಗನ ತಾಯಿ ಅಕ್ಕನನ್ನು ಕರೆದು ಬಹಳ ಹೊತ್ತು ನೋಡಿದರು. ಊಟ ಮಾಡಿಕೊಂಡೇ ಹೋದರು. ಮದುವೆಯಾಯಿತು.

ಈಚೆಗೆ ಡೈರಿಯಲ್ಲಿ ಆಕೆ ಬಂದ ದಿನದ ಪುಟ ಸಿಕ್ಕಿತು. "ಅಕ್ಕ ಬೆಳಿಗ್ಗೆಯಿಂದ ಲೋಟ ತಟ್ಟೆ ಎಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದಳು. ಒಂದರ ಮೇಲೂ ಕಲೆಯಿಲ್ಲ. ಬೇಲೂರಿನವರು ಬಂದರು. ಒಪ್ಪಿದರು." ಆಕೆ ಲೋಟ ತಿರುಗಿಸಿ ನೋಡಿದ ಸುದ್ದಿಯೇ ಇಲ್ಲ. ಒಂದರ ಮೇಲೂ ಕಲೆಯಿಲ್ಲದಿದ್ದರೆ ಆಕೆ ಬೆಳಕಿಗೆ ಹಿಡಿದದ್ದು ಏನನ್ನು? ನನ್ನ ತಪ್ಪು ಹಗುರವಾಗಲಿ ಎಂದು ನಾನೇ ಆ ಲೋಟವನ್ನು ಆಮೇಲೆ ನೆನಪಿನೊಳಗೆ ತಂದಿಟ್ಟೆನೆ?

ಬೇಲೂರಿಗೆ ಹೋದಾಗ ಅಕ್ಕನನ್ನು ಕೇಳಿದೆ. ಅವಳು ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದಳು.

"ಲೋಟಾನಾ? ಅವರು ಒದ್ದೆ ಬೆರಳಲ್ಲಿ ನನ್ನ ಕೆನ್ನೆ ಉಜ್ಜಿ ನೋಡಿದ್ದು ನೆನಪಿದೆ ಕಣೇ."

ಅದು ನನ್ನ ನೆನಪಿನಲ್ಲಿ ಇರಲೇ ಇಲ್ಲ.

"ಎಲ್ಲಾನೂ ತಿಕ್ಕಿದ್ದೆ ಅಲ್ವಾ ನೀನು?"

"ತಿಕ್ಕಿದ್ದೆ. ತಿಕ್ಕಿ ತೊಳೆದಿದ್ದು ಆ ನಲ್ಲಿ ನೀರಲ್ಲೇ ತಾನೆ? ಎಲ್ಲ ಒರೆಸಿಟ್ಟೆ. ಒಂದನ್ನ ಒರೆಸಲಿಲ್ಲ ಅನ್ಸುತ್ತೆ."

"ಬೇಕಂತಲೇ?"

"ಈಗ ಕೇಳಿದ್ರೆ? ಬಿಎಸ್ಸಿ ಓದಿದೋಳು ನೀನು, ನೀನೇ ಹೇಳು."

ನಗುತ್ತಲೇ ಅಂದಳು. ಅವಳ ಒದ್ದೆ ಬೆರಳು ತುಟಿಯ ಪಕ್ಕಕ್ಕೆ ಹೋಗಿ ಬಂತು. ಆ ಅಭ್ಯಾಸ ಅವಳಿಗೆ ಮೊದಲಿನಿಂದ ಇತ್ತೋ, ಆ ಫೋಟೊ ಆದ ಮೇಲೆ ಬಂತೋ, ಅದನ್ನೂ ನಾನು ಎಲ್ಲೂ ಬರೆದಿಟ್ಟಿಲ್ಲ.