ಗೋಡೆಯ ದೃಢೀಕೃತ ಪ್ರತಿ

ಗೆಳೆಯರೇ, ಹಾಸಿಗೆ ಹಿಡಿದವರಿಗಾಗಿ ಸಂಡೂರಿನಲ್ಲಿ ನಾನು ನಡೆಸುವ ಆರೈಕೆ ಕೇಂದ್ರಕ್ಕೆ ಇವತ್ತು ತನಿಖಾಧಿಕಾರಿ ಬಂದಿದ್ದರು. ಮಾತ್ರೆ ಕೊಟ್ಟಿದ್ದಕ್ಕೆ ದಾಖಲೆಯೇ ಇಲ್ಲವೆಂದು ಯಾರೋ ದೂರಿದ್ದರು. ಸಾಬೀತಾದರೆ ಲೈಸೆನ್ಸ್ ರದ್ದು. ಹೊಸಪೇಟೆಯಿಂದ ವಕೀಲೆ ಶಾರದಕ್ಕನನ್ನು ಕರೆಸಿಕೊಂಡಿದ್ದೆ.

ನಮ್ಮ ಆಯಾ ಹುಲಿಗೆಮ್ಮನಿಗೆ ಓದು ಬರಹ ಬಾರದು. ಮಾತ್ರೆ ಕೊಟ್ಟಾಗಲೆಲ್ಲ ಆ ರೋಗಿಯ ಮಂಚದ ಪಕ್ಕದ ಗೋಡೆಗೆ ಬೊಟ್ಟು ಇಡುತ್ತಾಳೆ. ಬೆಳಿಗ್ಗೆ ಸುಣ್ಣದ್ದು, ಸಂಜೆ ಕುಂಕುಮದ್ದು.

"ಗೋಡಿ ಯಾಕ ಹಿಂಗ ಹೊಲಸ ಮಾಡೀರಿ?" ಎಂದರು ಅಧಿಕಾರಿ.

"ಅದಾ ದಾಖಲೆರಿ," ಎಂದರು ಶಾರದಕ್ಕ. "ದಾಖಲೆ ಇಡಬೇಕಂತ ನಿಯಮದಾಗ ಐತಿ. ಕಾಗದದಾಗಾ ಇಡಬೇಕಂತ ಎಲ್ಲೈತಿ ತೋರಿಸ್ರಿ."

ಅಧಿಕಾರಿ ನಿಯಮದ ಪುಸ್ತಕ ತಿರುವಿದರು, ಸಿಗಲಿಲ್ಲ. ಮೂರನೇ ಮಂಚದ ಲೆಕ್ಕ ಹೇಳೆಂದು ಹುಲಿಗೆಮ್ಮನನ್ನು ಕೇಳಿದರು. ಅವಳು ಒಂದೊಂದೇ ಬೊಟ್ಟು ಮುಟ್ಟಿ ಇಡೀ ವಾರದ್ದು ಒಪ್ಪಿಸಿದಳು. "ಸೋಮವಾರ ಸಂಜಿದಿಲ್ಲ ನೋಡ್ರಿ, ಅಜ್ಜ ಬಾಯಿನಾ ತೆಗಿಲಿಲ್ಲ."

ಉಳಿದ ಮಾತ್ರೆ ಎಣಿಸಿದರೆ ಒಂದೇ ಒಂದು ಹೆಚ್ಚಿತ್ತು, ಆ ಸೋಮವಾರದ್ದು.

"ಎಲ್ಲಾ ಸರಿ ಐತ್ರಿ. ಆದ್ರ ಫೈಲಿಗೆ ಇದರ ದೃಢೀಕೃತ ಪ್ರತಿ ಬೇಕು," ಎಂದು ಅಧಿಕಾರಿ ಹೇಳಿ ಹೋದರು.

ಬೇಕಾದರೆ ಮೂಲವನ್ನೇ ಒಯ್ಯಲಿ. ಅದಿರೆಂದು ದಿನವೂ ಗುಡ್ಡಗಳನ್ನೇ ಲಾರಿಗೆ ಹೇರಿ ಕಳಿಸುವ ಊರಿಗೆ ಒಂದು ಗೋಡೆ ಯಾವ ಲೆಕ್ಕ.