ಪಾಕದ ಬಾಣಲೆಯ ಮುಂದೆ ಅಣ್ಣ

ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಅಣ್ಣ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಿಹಿತಿಂಡಿ ಮಾಡುತ್ತಿದ್ದ. ನಾನು ಫೋರ್ಟ್ ಕಡೆಯ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಚೆಂಬೂರಿನ ಒಂದು ಚಾಳಿನಲ್ಲಿ ಅಣ್ಣ, ಅತ್ತಿಗೆ, ನಾನು ಮೂವರೂ ಒಂದೇ ಕೋಣೆಯಲ್ಲಿ ವಾಸ. ಕೆಲಸಕ್ಕೆ ಹೋಗುವ ಮೊದಲು ಆಗಾಗ ಅಣ್ಣನ ಹೋಟೆಲಿಗೆ ಹಿಂಬಾಗಿಲಿನಿಂದ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಹೆಚ್ಚಿನದನ್ನು ನಾನೇ ಕಂಡಿದ್ದೇನೆ.

ಹಿಂಬದಿಯ ಕಿರಿದಾದ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ಸಕ್ಕರೆ ಪಾಕದ ದೊಡ್ಡ ಬಾಣಲೆ ಇರುತ್ತಿತ್ತು. ಜಿಲೇಬಿ, ಜಹಾಂಗೀರು ಮುಳುಗೇಳುವುದು ಅದರಲ್ಲೇ. ಬೆಳಕು ಹರಿಯುತ್ತಲೇ ಜೇನ್ನೊಣಗಳು ಬರುತ್ತಿದ್ದವು, ಬಿಸಿಲೇರಿದಂತೆ ಹಳದಿ ಕಣಜಗಳು. ಬಾಣಲೆಯ ಅಂಚಿನಲ್ಲಿ, ಜಾಲರಿಯ ಹಿಡಿಯ ಮೇಲೆ, ಕೆಲಸದವರ ಬೆವರಿನ ಕತ್ತಿನ ಮೇಲೆ ಕೂರುತ್ತಿದ್ದವು. ಅವನ್ನು ಓಡಿಸಲು ಹೊಗೆ ಹಾಕಿದರೆ ಪಾಕಕ್ಕೆ ವಾಸನೆ ಹತ್ತುತ್ತದೆ. ಹಾಗಾಗಿ ಯಾರಿಗಾದರೂ ಕಚ್ಚಿದರೆ ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿ ಕೆಲಸ ಮುಂದುವರಿಸುವುದೇ ರೂಢಿ.

ಇನ್ನೊಂದು ರೂಢಿಯೂ ಇತ್ತು. ಹೊಸಬರನ್ನು ಪಾಕದ ಹತ್ತಿರ ನಿಲ್ಲಿಸುತ್ತಿರಲಿಲ್ಲ. ಯಾರು ಅತಿ ಹೆಚ್ಚು ಬಾರಿ ಕಚ್ಚಿಸಿಕೊಂಡಿದ್ದಾರೋ ಅವರಿಗೇ ಆ ಜಾಗ. ಕಚ್ಚಿಸಿಕೊಂಡಷ್ಟೂ ಮೈ ಗಟ್ಟಿಯಾಗುತ್ತದೆ, ಆಮೇಲೆ ವಿಷ ತಾಗುವುದಿಲ್ಲ ಎಂದು ಊರಿನಿಂದ ಬಂದ ಎಲ್ಲ ಅಡುಗೆಯವರೂ ನಂಬಿದ್ದರು. ಅಣ್ಣ ಇಪ್ಪತ್ತು ತುಂಬುವ ಮೊದಲು ಆ ಬಾಣಲೆಯ ಮುಂದೆ ನಿಂತವನು.

"ನನಗೆ ಕಚ್ಚಿದ ಜೇನೇ ತಲೆ ತಿರುಗಿ ಬೀಳ್ತದೆ ಮಾರಾಯ," ಎನ್ನುತ್ತಿದ್ದ.

ಮೊದಲ ಬಾರಿ ಏನೋ ಬೇರೆಯಾಗಿ ಕಂಡಿದ್ದು ಒಂದು ಬೇಸಿಗೆಯಲ್ಲಿ. ಮೊಣಕೈಯ ಹತ್ತಿರ ಜೇನು ಕಚ್ಚಿತು. ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಯ ಮೇಲೆ, ತೊಡೆಯಲ್ಲಿ, ಬೆನ್ನಲ್ಲಿ ದದ್ದುಗಳೆದ್ದು ತುರಿಸತೊಡಗಿದವು. ಕಚ್ಚಿದ್ದು ಕೈಗೆ, ಎದ್ದದ್ದು ಮೈಗೆಲ್ಲ. ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ನಮ್ಮ ಕಡೆ ಮೈಮೇಲೆ ಹಾಗೆ ಎದ್ದರೆ ಅದು ಪಿತ್ತದ ಗಂಧೆ, ಅದಕ್ಕೆ ಪುನರ್ಪುಳಿ. ಊರಿನಿಂದ ಒಣಗಿಸಿ ತಂದ ಸಿಪ್ಪೆ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಅತ್ತಿಗೆ ಅದನ್ನು ನೆನೆಸಿ ಕೆಂಪು ಪಾನಕ ಮಾಡಿ ಕೊಟ್ಟಳು, ಉಳಿದ ನೀರನ್ನು ಬೆನ್ನಿಗೆ ಸವರಿದಳು.

"ಒಲೆಯ ಎದುರು ನಿಂತು ನಿಂತು ಪಿತ್ತ ಏರಿದೆ ನಿಮಗೆ. ಎರಡು ದಿನ ಮಜ್ಜಿಗೆ ಅನ್ನ ಉಣ್ಣಿ," ಎಂದಳು.

ಮರುದಿನ ಬೆಳಗ್ಗೆ ಗಂಧೆ ಇಳಿದಿತ್ತು. ತಾನಾಗಿಯೇ ಇಳಿಯುವಂಥದ್ದು ಅದು. ಆದರೆ ಹೆಸರು ಪುನರ್ಪುಳಿಗೆ ಬಂತು. ಆ ವರ್ಷ ಹೀಗೇ ಮತ್ತೆ ಮತ್ತೆ ಆಯಿತು, ಪ್ರತಿ ಸಲವೂ ಪಾನಕ. ಪ್ರತಿ ಸಲವೂ ದದ್ದುಗಳು ಹಿಂದಿನದಕ್ಕಿಂತ ಬೇಗ ಏಳುತ್ತಿದ್ದವು ಎಂಬುದು ಆಗ ಮುಖ್ಯವೆನಿಸಲಿಲ್ಲ.

ಗಣೇಶನ ಹಬ್ಬದ ಹಿಂದಿನ ದಿನ ಒಂದು ಕಣಜ ಅವನ ಕಿವಿಯ ಹಿಂದೆ ಕುಟುಕಿತು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅಣ್ಣ ಸುಣ್ಣ ಹಚ್ಚಿಕೊಂಡ. ಪಾತ್ರೆ ತೊಳೆಯುವ ಬಿಜಾಪುರ ಕಡೆಯವನು ಅವನ ಮುಖ ನೋಡಿ ನಕ್ಕ.

"ಏನ್ರಿ ಭಟ್ರ, ತುಟಿ ಪೂರಿ ಉಬ್ಬಿದಂಗ ಉಬ್ಬ್ಯಾವಲ್ರಿ!"

ಅಣ್ಣನೂ ನಗಲು ಹೋದ. ನಗು ಬರಲಿಲ್ಲ. ಏನೋ ಹೇಳಿದ, ದನಿ ಬೇರೆ ಯಾರದೋ ಆಗಿತ್ತು. ಕೆಳಗೆ ಕುಳಿತು ಗಂಟಲು ಹಿಡಿದುಕೊಂಡ. ಬಿಜಾಪುರದವನ ನಗು ನಿಂತಿತು. ನಾವಿಬ್ಬರೂ ಅವನನ್ನು ಎತ್ತಿಕೊಂಡು ಹೋಟೆಲಿನ ಪಕ್ಕದ ಬಿಲ್ಡಿಂಗಿನಲ್ಲಿದ್ದ ಗುಜರಾತಿ ಡಾಕ್ಟರ ದವಾಖಾನೆಗೆ ಓಡಿದೆವು. ಡಾಕ್ಟರು ಪ್ರಶ್ನೆ ಕೇಳುತ್ತಲೇ ಚುಚ್ಚಿದರು. ನಿಧಾನವಾಗಿ ಅಣ್ಣನ ಉಸಿರು ಮರಳಿತು.

ಅವರು ಹೇಳಿದ್ದು ಸರಳವಾಗಿತ್ತು. ಕೆಲವರ ಮೈ ಈ ವಿಷಕ್ಕೆ ಒಗ್ಗಿಕೊಳ್ಳುತ್ತದೆ, ಕೆಲವರ ಮೈ ತಿರುಗಿ ಬೀಳುತ್ತದೆ. ಅಣ್ಣನದು ಎರಡನೆಯ ಜಾತಿ. ಹದಿನೈದು ವರ್ಷ ಕಚ್ಚಿಸಿಕೊಂಡದ್ದು ಅವನನ್ನು ಗಟ್ಟಿ ಮಾಡಿರಲಿಲ್ಲ, ಇಲ್ಲಿಗೆ ತಂದು ನಿಲ್ಲಿಸಿತ್ತು.

"ಔರ್ ಏಕ್ ಬಾರ್ ಕಾಟಾ, ತೋ ಮೈ ಕುಛ್ ನಹೀ ಬೋಲ್ ಸಕತಾ," ಇನ್ನೊಮ್ಮೆ ಕಚ್ಚಿದರೆ ತಾನು ಏನೂ ಹೇಳಲಾರೆ ಎಂದು ಕೈ ಚೆಲ್ಲಿದರು. "ಮಿಠಾಯಿ ಕಾ ಕಾಮ್ ಛೋಡ್ ದೋ." ಸಿಹಿತಿಂಡಿಯ ಕೆಲಸ ಬಿಡಬೇಕು.

ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ ಎನ್ನುವುದು ತಪ್ಪು. ದೋಸೆ, ಸಾಂಬಾರು ಎಲ್ಲ ಬರುತ್ತಿತ್ತು. ಆದರೆ ಪಾಕದ ಎಳೆಯನ್ನು ಬೆರಳಲ್ಲಿ ನೋಡಿ ಹೇಳುವವನಿಗೆ ಹೋಟೆಲಿನಲ್ಲಿ ಇರುವ ಸ್ಥಾನ ಬೇರೆ. ಧಣಿಗಳೂ ಅವನನ್ನು ಏಕವಚನದಲ್ಲಿ ಕರೆಯುತ್ತಿರಲಿಲ್ಲ.

ನಾನು ನನ್ನ ಕೈಲಾದದ್ದನ್ನು ಮಾಡಿದೆ. ಪತ್ರಿಕೆಗೆ ಆರೋಗ್ಯದ ಅಂಕಣ ಬರೆಯುತ್ತಿದ್ದ ಹಿರಿಯ ವೈದ್ಯರನ್ನು ಕೇಳಿದೆ. ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಒಗ್ಗಿಸುವ ಚಿಕಿತ್ಸೆ ವಿದೇಶದಲ್ಲಿ ನಡೆಯುತ್ತದಂತೆ, ಇಲ್ಲಿ ಯಾರನ್ನು ಹುಡುಕಬೇಕೆಂದು ಅವರಿಗೂ ತಿಳಿದಿರಲಿಲ್ಲ. ಕಚ್ಚಿದ ಕೂಡಲೇ ಚುಚ್ಚುವ ಮದ್ದಿನ ಗಾಜಿನ ಕೊಳವೆಗಳನ್ನೂ ಒಂದು ಸಿರಿಂಜನ್ನೂ ಮನೆಯಲ್ಲಿಟ್ಟುಕೊಳ್ಳಲು ಬರೆದುಕೊಟ್ಟರು. ಸಿರಿಂಜು ಗಾಜಿನದು, ಪ್ರತಿ ಬಾರಿ ಸೂಜಿ ಸಮೇತ ನೀರಿನಲ್ಲಿ ಕುದಿಸಬೇಕು. ಚುಚ್ಚುವುದನ್ನು ಒಂದು ಕಿತ್ತಳೆಯ ಮೇಲೆ ಕಲಿತೆ. ಅತ್ತಿಗೆ ನೋಡುತ್ತ ಕುಳಿತಿದ್ದಳು.

"ಸ್ಟವ್ ಹೊತ್ತಿಸಿ, ಪಂಪ್ ಹೊಡೆದು, ನೀರು ಕುದಿಯುವವರೆಗೆ ಇವರು ಕಾಯ್ತಾರಾ?" ಎಂದು ಕೇಳಿದಳು.

ನಾನು ಕಿತ್ತಳೆಗೆ ಇನ್ನೊಮ್ಮೆ ಸೂಜಿ ಚುಚ್ಚಿದೆ.

ಅಣ್ಣ ಹೋಟೆಲು ಬಿಟ್ಟ. ಚೆಂಬೂರಿನಲ್ಲೇ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅನ್ನ, ಪಲ್ಯ ಬೇಯಿಸುವ ಕೆಲಸ ಸಿಕ್ಕಿತು. ಅಲ್ಲಿ ಸಿಹಿ ಇಲ್ಲ, ಜೇನಿಲ್ಲ. ಅಣ್ಣ ಮನೆಯಲ್ಲಿ ಮಾತು ಕಡಿಮೆ ಮಾಡಿದ. ಅತ್ತಿಗೆ ಬೆಲ್ಲದ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಳು. ಒಂದು ವರ್ಷಕ್ಕೂ ಮಿಕ್ಕಿ ಏನೂ ಆಗಲಿಲ್ಲ. ನಾವು ಗೆದ್ದೆವು ಎಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ನಾನು, ಅಣ್ಣ ತರಕಾರಿ ತರಲು ಹೋಗಿದ್ದೆವು. ಚೆಂಬೂರು ಸ್ಟೇಷನ್ನಿನ ಹೊರಗೆ ಕಬ್ಬಿನ ಹಾಲಿನ ಗಾಡಿ. ಹಿಂಡಿದ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಜೇನ್ನೊಣಗಳು ಮುತ್ತಿದ್ದವು. ಅಣ್ಣ ದೂರದಿಂದಲೇ ಕಂಡು ರಸ್ತೆಯ ಆ ಬದಿಗೆ ದಾಟಿದ. ಒಂದು ನೊಣ ಅವನ ಜೊತೆಗೇ ದಾಟಿತೋ, ಬೇರೆಲ್ಲಿಂದ ಬಂತೋ ಗೊತ್ತಿಲ್ಲ. ಅವನು ಕತ್ತಿಗೆ ಪಟ್ಟನೆ ಹೊಡೆದುಕೊಂಡು ನನ್ನ ಕಡೆ ತಿರುಗಿದ.

"ಆಯ್ತು," ಎಂದ. ಅಷ್ಟೇ.

ಸಿರಿಂಜು ಮನೆಯಲ್ಲಿತ್ತು. ಹತ್ತಿರದ ಡಾಕ್ಟರಿಗೆ ಭಾನುವಾರ ರಜೆ. ಆಸ್ಪತ್ರೆ ರೈಲ್ವೆ ಹಳಿಯ ಆಚೆ. ನಾನು ಟ್ಯಾಕ್ಸಿ ಹಿಡಿದೆ. ಫಾಟಕಕ್ಕೆ ಬಂದಾಗ ಗೇಟು ಹಾಕಿತ್ತು. ರಿಫೈನರಿಯ ಕಡೆಯಿಂದ ಎಣ್ಣೆ ಟ್ಯಾಂಕರುಗಳ ಗೂಡ್ಸ್ ಗಾಡಿ ನಡಿಗೆಯ ವೇಗದಲ್ಲಿ ಬರುತ್ತಿತ್ತು. ಕರಿ ಟ್ಯಾಂಕರು, ಮತ್ತೊಂದು ಕರಿ ಟ್ಯಾಂಕರು, ಮತ್ತೊಂದು. ಅಣ್ಣನ ಕಣ್ಣಿನ ರೆಪ್ಪೆಗಳು ಮುಚ್ಚಿಹೋಗುವಷ್ಟು ಊದಿದ್ದವು. ಉಸಿರೆಳೆಯುವಾಗ ಸೀಟಿಯಂತೆ ಸದ್ದು.

ಡ್ರೈವರ್ ಹಿಂದೆ ತಿರುಗಿ ನೋಡಿದ, ಹೊಸ ಸೀಟಿನ ಮೇಲೆ ವಾಂತಿಯಾದೀತೆಂದು ಅವನಿಗೆ ಚಿಂತೆ. "ಸಾಬ್, ಉಲ್ಟಿ ಕರೇಗಾ ಕ್ಯಾ? ಸೀಟ್ ನಯಾ ಹೈ."

ನಾನು ಬಾಗಿಲು ತೆರೆದು ಇಳಿದೆ. ಹೊತ್ತುಕೊಂಡು ಹಳಿ ದಾಟೋಣವೆಂದರೆ ಗಾಡಿ ಅಡ್ಡವಾಗಿತ್ತು. ಮತ್ತೆ ಒಳಗೆ ಕುಳಿತೆ. ಕೈಯಲ್ಲಿದ್ದದ್ದು ನಮ್ಮದೇ ಪತ್ರಿಕೆ, ಅದರಿಂದಲೇ ಗಾಳಿ ಬೀಸಿದೆ. ಗಾಳಿ ಹೊರಗೆ ಬೇಕಾದಷ್ಟಿತ್ತು, ಒಳಗೆ ಹೋಗುತ್ತಿರಲಿಲ್ಲ. ಅಣ್ಣ ನನ್ನ ಮಣಿಕಟ್ಟು ಹಿಡಿದು ಬೀಸುವುದನ್ನು ನಿಲ್ಲಿಸಿದ. ಆಮೇಲೆ ಕೈ ಬಿಡಲೇ ಇಲ್ಲ. ಗೇಟು ಏಳುವವರೆಗೆ ನಾವಿಬ್ಬರೂ ಹಾಗೆಯೇ ಗಾಡಿ ನೋಡುತ್ತ ಕುಳಿತಿದ್ದೆವು.

ಆಸ್ಪತ್ರೆ ಮುಟ್ಟಿದಾಗ ಅವನಿಗೆ ಎಚ್ಚರವಿರಲಿಲ್ಲ. ಡ್ಯೂಟಿಯಲ್ಲಿದ್ದ ಯುವ ವೈದ್ಯೆ "ಎಷ್ಟು ಜೇನು ಕಚ್ಚಿದವು?" ಎಂದು ಕೇಳಿದಳು. ಒಂದು ಎಂದೆ. ಅವಳು ನನ್ನ ಮುಖ ನೋಡಿದಳು, ಆದರೆ ತಡಮಾಡಲಿಲ್ಲ. ಅಣ್ಣ ಬದುಕಿದ. ಇನ್ನೂ ಒಂದಷ್ಟು ಟ್ಯಾಂಕರುಗಳಿದ್ದಿದ್ದರೆ ಬದುಕುತ್ತಿರಲಿಲ್ಲ ಎಂದು ಫಾಟಕದ ವಿಷಯ ಕೇಳಿದ ಮೇಲೆ ಅವಳೇ ಹೇಳಿದಳು.

ಮನೆಗೆ ಬಂದ ಮೂರನೆಯ ದಿನ ಅಣ್ಣ ಗಂಜಿಯ ಬಟ್ಟಲು ಕೆಳಗಿಟ್ಟು ಹೇಳಿದ, "ಸೋಮವಾರದಿಂದ ಗ್ರಾಂಟ್ ರೋಡಿಗೆ ಹೋಗ್ತೇನೆ. ಧಣಿಗಳಿಗೆ ಹೇಳಿ ಕಳಿಸಿದ್ದೇನೆ."

ಅತ್ತಿಗೆಯ ಕೈಯಲ್ಲಿದ್ದ ಸೌಟು ನಿಂತಿತು. "ಯಾವ ಕೆಲಸಕ್ಕೆ?"

"ನನ್ನ ಕೆಲಸಕ್ಕೆ."

"ನಿಮಗೆ ತಲೆ ಸರಿ ಉಂಟಾ? ಸಾಯ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ?"

"ಸಾಯ್ಲಿಕ್ಕೆ ದೂರ ಹೋಗ್ಬೇಕಂತಿಲ್ಲ ಅಂತ ಮೊನ್ನೆ ಗೊತ್ತಾಯ್ತಲ್ಲ." ಅಣ್ಣ ನನ್ನ ಕಡೆ ತಿರುಗಿದ. "ನೀನು ಪೇಪರಿನವ, ನೀನೇ ಹೇಳು. ಜೇನಿಲ್ಲದ ಜಾಗಕ್ಕೆ ಬಂದೆ. ಬಂತಾ ಇಲ್ವಾ? ಇಲ್ಲಿ ಡಾಕ್ಟ್ರು ಎಲ್ಲಿದ್ದಾರೆ? ಹಳಿಯ ಆಚೆ. ಅಲ್ಲಿ ಡಾಕ್ಟ್ರು ಗೋಡೆಯ ಆಚೆ. ಇಲ್ಲಿ ನೀರು ಕುದಿಸ್ಲಿಕ್ಕೆ ಸ್ಟವ್ ಹೊತ್ತಿಸ್ಬೇಕು. ಅಲ್ಲಿ ಬೆಳಗ್ಗೆ ನಾಲ್ಕರಿಂದ ನೀರು ಕುದಿತಾನೇ ಇರ್ತದೆ. ಸಿರಿಂಜು ಅದರಲ್ಲೇ ಹಾಕಿಡಿ."

"ಅಲ್ಲಿ ಜೇನು ನೂರಾರು ಉಂಟು ಅಣ್ಣ."

"ಕೊಲ್ಲಿಕ್ಕೆ ಒಂದು ಸಾಕು ಅಂತ ಗುಜರಾತಿ ಡಾಕ್ಟ್ರೇ ಹೇಳಿದ್ದಲ್ವಾ?"

ಒಂದರ ಮುಂದೆ ನೂರು ಹೆಚ್ಚು ಅಪಾಯ ಎಂಬುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅದನ್ನು ಹೇಳಿದೆ. ಅವನು ಕೇಳಿದ, ತಲೆಯಾಡಿಸಿದ, ಒಪ್ಪಲಿಲ್ಲ. ಕ್ಯಾಂಟೀನಿನ ಒಂದು ವರ್ಷ ಅವನಿಗೆ ಏನಾಗಿತ್ತು ಎಂಬುದನ್ನು ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಅತ್ತಿಗೆ ಅತ್ತಳು, ಒಂದು ದಿನ ಉಣ್ಣಲಿಲ್ಲ. ಸೋಮವಾರ ಬೆಳಗಿನ ಜಾವ ಅವನಿಗೆ ಕಾಫಿ ಮಾಡಿ ಕೊಟ್ಟವಳೂ ಅವಳೇ.

ಧಣಿಗಳು ಪಾಕದ ಬಾಣಲೆಯ ಸುತ್ತ ಸೊಳ್ಳೆಪರದೆಯ ಬಟ್ಟೆ ಕಟ್ಟಿಸಿದರು. ಒಳಗಿನ ಆವಿಗೆ ಉಸಿರುಗಟ್ಟುತ್ತದೆಂದು ಅಣ್ಣ ಅದನ್ನು ಮೇಲಕ್ಕೆತ್ತಿ ಕಟ್ಟಿಕೊಳ್ಳುತ್ತಿದ್ದ. ಸಿರಿಂಜನ್ನು ಕೆಲವು ದಿನ ಬಿಸಿನೀರಿನಲ್ಲಿ ಇಟ್ಟರು. ಒಮ್ಮೆ ಅದು ಒಡೆಯಿತು, ಹೊಸದನ್ನು ಕೊಂಡುಕೊಟ್ಟೆ. ನಾನು ಹೋದಾಗಲೆಲ್ಲ ಗೋಡೆಯ ಆಚೆ ದವಾಖಾನೆಯ ಬಾಗಿಲು ತೆರೆದಿದೆಯೇ ಎಂದು ಮೊದಲು ನೋಡಿ ಆಮೇಲೆ ಅಂಗಳಕ್ಕೆ ಕಾಲಿಡುತ್ತಿದ್ದೆ. ತೆರೆದಿರದಿದ್ದರೆ ಮಾಡುವಂಥದ್ದು ಏನೂ ಇರಲಿಲ್ಲ, ಆದರೂ ನೋಡುತ್ತಿದ್ದೆ.

ಕಛೇರಿಯಲ್ಲಿ ಫೋನು ಬಂದರೆ ಬೇರೆಯವರಿಗಿಂತ ಮೊದಲು ನಾನೇ ಎತ್ತುತ್ತಿದ್ದೆ. ಒಮ್ಮೆ ಧಣಿಗಳೇ ಫೋನ್ ಮಾಡಿದರು. ದೀಪಾವಳಿಯ ಸಿಹಿಗೆ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ಯಾರನ್ನು ಕಾಣಬೇಕು ಎಂದು ವಿಚಾರಿಸಿದರು. ಹೇಳಿ ಫೋನ್ ಇಟ್ಟ ಮೇಲೆ ಕೈಯಲ್ಲಿದ್ದ ಸುದ್ದಿಯ ಮೊದಲ ಸಾಲನ್ನು ಬಹಳ ಹೊತ್ತು ಓದುತ್ತ ಕುಳಿತೆ.

ಎಪ್ಪತ್ತರ ದಶಕ ಮುಗಿಯುವವರೆಗೂ ಅಣ್ಣ ಅಲ್ಲಿಯೇ ನಿಂತ. ಮತ್ತೆ ಯಾವ ಜೇನೂ ಕಚ್ಚಲಿಲ್ಲ. ಅದು ಪರದೆಯಿಂದಲೋ, ಅವನ ಎಚ್ಚರದಿಂದಲೋ ಎಂದು ನಾನು ಬರೆದರೆ ಅದಕ್ಕೆ ಆಧಾರವಿಲ್ಲ. ಕಚ್ಚಲಿಲ್ಲ ಎಂಬುದು ಇಂದು ಗೊತ್ತಿರುವ ಸಂಗತಿ. ಆ ವರ್ಷಗಳ ಯಾವ ಬೆಳಗ್ಗೆಯೂ ನಮಗೆ ಅದು ಗೊತ್ತಿರಲಿಲ್ಲ.

ಸಂಜೆ ಅವನು ಬಂದರೆ ಅತ್ತಿಗೆ ಹೊಸಿಲ ಒಳಗೆ ಬಿಡುತ್ತಿರಲಿಲ್ಲ. ಲೈಟಿನ ಕೆಳಗೆ ನಿಲ್ಲಿಸಿ ಅಂಗೈ, ಮುಂಗೈ ತಿರುಗಿಸಿ ನೋಡುವಳು, ಕಾಲರು ಎಳೆದು ಕತ್ತು ನೋಡುವಳು, ಕಿವಿಯ ಹಿಂದೆ ಬೆರಳಾಡಿಸುವಳು. ಕಚ್ಚಿದ್ದರೆ ಅವನು ಮನೆಯವರೆಗೆ ಬರುತ್ತಿರಲಿಲ್ಲ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಅಣ್ಣ ಎರಡೂ ಕೈ ಚಾಚಿ ಅವಳ ತಪಾಸಣೆ ಮುಗಿಯುವವರೆಗೆ ನಿಂತಿರುತ್ತಿದ್ದ.