ಕಬ್ಬಾಳಿನ ಕ್ಯಾಂಪಿಗೆ ಗೌರಮ್ಮನವರು ವ್ಯಾನ್ ತಂದಾಗ

2010ರಲ್ಲಿ ನಾನು ಕಬ್ಬಾಳಿನ ಹತ್ತಿರದ ಒಂದು ಕ್ಯಾಂಪ್ ಸೈಟಿಗೆ ಮ್ಯಾನೇಜರ್ ಆಗಿದ್ದೆ. ವ್ಯಾನಿನಲ್ಲೇ ಅಡುಗೆ, ನಿದ್ದೆ ಎಲ್ಲವನ್ನೂ ಇಟ್ಟುಕೊಂಡು ಊರೂರು ಸುತ್ತುವವರು ಸೇರಿ ಕಟ್ಟಿದ ಕ್ಲಬ್ಬಿನ ಜಾಗ ಅದು. ಅಂಥ ವ್ಯಾನಿಗೆ ಕ್ಯಾರವಾನ್ ಎಂದು ಹೆಸರು. ಅದು ನಿಲ್ಲುವ ಸಮತಟ್ಟಾದ ತುಂಡು ನೆಲವನ್ನು ಪಿಚ್ ಎನ್ನುತ್ತೇವೆ. ಪಕ್ಕದಲ್ಲೊಂದು ನಲ್ಲಿ, ಕಂಬದಿಂದ ವ್ಯಾನಿಗೆ ಕರೆಂಟು ಎಳೆದುಕೊಳ್ಳಲು ಒಂದು ಪ್ಲಗ್, ಮೇಲೆ ಮಾವಿನ ಮರದ ನೆರಳು. ನಮ್ಮ ಹಳೆಯ ಸದಸ್ಯರು ಇದಕ್ಕಿಂತ ಹೆಚ್ಚೇನನ್ನೂ ಕೇಳಿದವರಲ್ಲ.

ಆ ಹೊತ್ತಿಗೆ ಬೆಂಗಳೂರಿನ ಕಂಪನಿಗಳವರು ಡೇ ಔಟಿಂಗ್ ಎಂದು ಬರತೊಡಗಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಹಗ್ಗ ಜಗ್ಗಾಡಿ, ಊಟ ಮಾಡಿ, ಸಂಜೆಗೆ ಹೊರಟುಬಿಡುವ ಗುಂಪುಗಳು. ಜಮೀನಿನ ಗುತ್ತಿಗೆ ಕಟ್ಟಲು ಕ್ಲಬ್ಬಿಗೆ ಅವರ ಆದಾಯ ಬೇಕಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಅವರಿಗಾಗಿ ಪಿಚ್‌ಗಳು ಒಂದೊಂದಾಗಿ ಹೋದವು. ಮೇಲಿನ ದಿಣ್ಣೆಯಲ್ಲಿ ಕಾಟೇಜುಗಳು ಎದ್ದವು, ಕೆಳಗಿನ ಮಾವಿನ ತೋಪು ಬಸ್ ನಿಲ್ಲುವ ಜಾಗವಾಯಿತು, ಗೇಟಿಗೆ ಬಣ್ಣದ ಕಮಾನು ಬಂತು. ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿಯವರು ಒಂದು ನಿಯಮವನ್ನೂ ತಂದರು: ಶನಿವಾರ, ಭಾನುವಾರ ಕ್ಯಾರವಾನ್‌ಗಳಿಗೆ ಪ್ರವೇಶವಿಲ್ಲ.

ಸಂಕ್ರಾಂತಿ ಕಳೆದ ಮೊದಲ ಶನಿವಾರ, ಆ ಕಮಾನಿನ ಮುಂದೆ ನೀಲಿ ಬಣ್ಣದ ಹಳೆಯ ಮೆಟಡಾರ್ ಒಂದು ಬಂದು ನಿಂತಿತು. ಸ್ಟಿಯರಿಂಗ್ ಹಿಡಿದಿದ್ದವರು ಹೊಂಗನೂರಿನ ಗೌರಮ್ಮ.

ನಾನು ಬೆರಗಾದೆ. ಆ ವ್ಯಾನನ್ನು ಯಾವತ್ತೂ ಓಡಿಸುತ್ತಿದ್ದವರು ಅವರ ಗಂಡ ಶಿವಣ್ಣ. ರೇಷ್ಮೆಗೂಡು ಸಾಗಿಸಲು ಕೊಂಡಿದ್ದ ಗಾಡಿಯನ್ನು ತಾವೇ ಕೊಯ್ದು, ಬೆಸೆದು ಮನೆ ಮಾಡಿಕೊಂಡಿದ್ದರು. ಮನೆಯಲ್ಲಿ ಸಾಕಿದ ಒಂದು ಬೆಳೆ ರೇಷ್ಮೆಹುಳು ಗೂಡಾಗಿ ಮಾರ್ಕೆಟ್ ಸೇರಿದ ಮೇಲೆ, ಮುಂದಿನ ಬೆಳೆ ಹಿಡಿಯುವ ಮುಂಚೆ ಸಿಗುವ ಬಿಡುವಿನಲ್ಲಿ ಗಂಡ ಹೆಂಡತಿ ಹೊರಟುಬಿಡುತ್ತಿದ್ದರು. ಎಲ್ಲಿಗೆ ಹೋದರೂ ಪ್ರವಾಸದ ಕೊನೆಯ ನಿಲುಗಡೆ ನಮ್ಮ ಸೈಟೇ. ಕ್ಲಬ್ ಶುರುವಾದಾಗಿನಿಂದ ಅವರು ಸದಸ್ಯರು. ಎರಡು ವರ್ಷದ ಹಿಂದೆ ಶಿವಣ್ಣನವರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದವೆಂದು ಕೇಳಿದ್ದೆ. ಇನ್ನು ಅವರು ಬರುವುದಿಲ್ಲವೆಂದೇ ತಿಳಿದಿದ್ದೆ.

"ಗೌರಮ್ಮೋರೆ, ನೀವು ಡ್ರೈವಿಂಗ್ ಯಾವಾಗ ಕಲಿತಿರಿ?"

"ಚನ್ನಪಟ್ಣದಾಗೆ ಹುಡುಗ್ರ ಜೊತೆ ಕಲ್ತೆ ಸಾ. ಲೈಸೆನ್ಸ್ ಕೊಡೋ ಆಫೀಸರು ಈ ವಯಸ್ಸಲ್ಲಿ ಯಾಕಮ್ಮಾ ಅಂದ್ರು. ನಮ್ಮೆಜಮಾನ್ರಿಗೆ ಒಬ್ಬ ಡ್ರೈವರ್ ಬೇಕಾಗೈತೆ ಸಾಮಿ ಅಂದೆ."

ಪಕ್ಕದ ಸೀಟಿನಲ್ಲಿದ್ದ ಶಿವಣ್ಣ ನಕ್ಕರು. ಮಾತು ತೊದಲುತ್ತಿತ್ತು, ನಗು ಮಾತ್ರ ಮೊದಲಿನಂತೆಯೇ ಇತ್ತು.

ನಿಯಮವನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಮುರಿದೇ ಬಿಡೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಛಾವಣಿಯ ಮೇಲೆ ಸಾಮಾನು ಹೊರುವ ಕಂಬಿಗಳಿದ್ದ ಅವರ ವ್ಯಾನು ಆ ಕಮಾನಿನ ಕೆಳಗೆ ನುಗ್ಗುವಂತಿರಲಿಲ್ಲ. ಬಸ್ಸುಗಳಿಗೆಂದೇ ತೆರೆದಿದ್ದ ಕೆಳಗಿನ ದಾರಿಯಿಂದ ತೋಪಿಗೆ ಬಿಡೋಣವೆಂದರೆ, ಅಲ್ಲಿ ಆಗಲೇ ಎರಡು ಬಸ್ಸುಗಳು ಜಾಗ ತುಂಬಿ ನಿಂತಿದ್ದವು. ಗೌರಮ್ಮ ಕಮಾನನ್ನು ನೋಡಿದರು, ಬಸ್ಸುಗಳನ್ನು ನೋಡಿದರು. ನಾನು ವಿವರಿಸಬೇಕಾಗಲಿಲ್ಲ.

"ನಮ್ ಜಾಗ ಹೋಯ್ತಾ ಸಾ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಲಕಿತು.

ರಸ್ತೆಯ ಆಚೆ ಮಲ್ಲಣ್ಣ ಎಂಬ ರೈತನ ಹೊಲವಿತ್ತು. ಆತ ಕುರಿಯನ್ನೂ ಸಾಕುತ್ತಿದ್ದ. ಓಡಿಹೋಗಿ, ಒಂದು ವ್ಯಾನು ನಿಲ್ಲಿಸಲು ಜಾಗ ಕೊಡುತ್ತೀಯಾ ಎಂದು ಕೇಳಿದೆ.

"ರಾಗಿ ಕುಯ್ದು ಹೊಲ ಖಾಲಿ ಬಿದ್ದೈತೆ, ಬರ್ಲಿ ಬುಡಿ. ಕುರಿ ಮಂದೆ ನಿಲ್ಸೋ ಹೊಲದಾಗೆ ಇಬ್ರು ಮನುಷ್ರಿಗೆ ಜಾಗ ಇಲ್ವಾ?" ಎಂದ.

ವ್ಯಾನಿನ ಚಕ್ರಗಳಿಗೆ ಹಲಗೆ ಕೊಟ್ಟು ಮಟ್ಟ ಮಾಡಿದೆವು. ನೆಲ ತುಸು ಓರೆಯಾದರೂ ಶಿವಣ್ಣನವರು ಜೋಲಿ ಹೊಡೆಯುತ್ತಾರೆಂದು ಗೌರಮ್ಮ ಲೋಟದಲ್ಲಿ ನೀರು ಇಟ್ಟು ಮತ್ತೆ ಮತ್ತೆ ನೋಡಿದರು. ಸೈಟಿನ ನಲ್ಲಿಯಿಂದ ರಸ್ತೆಯಡಿಯ ಮೋರಿಯೊಳಗೆ ಪೈಪು ತೂರಿಸಿ ನೀರು ಕೊಟ್ಟೆ. ಅದಕ್ಕೆ ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಒಂದೆರಡು ದಿನದ ಮಾತೆಂದುಕೊಂಡಿದ್ದೆ. ಮತ್ತೆ ಕಿತ್ತು ಮಟ್ಟ ಮಾಡುವ ಗೋಜು ಬೇಡವೆಂದು ಅವರು ವಾರವಿಡೀ ಅಲ್ಲೇ ಉಳಿದರು. ದಿನವೂ ಹೋಗಿ ಮಾತಾಡಿಸಿ ಬರುತ್ತಿದ್ದೆ. ಸುದ್ದಿ ಹೇಗೆ ಹರಡಿತೋ, ಮುಂದಿನ ಶನಿವಾರ ರಾಮನಗರದಿಂದ ರೇಷ್ಮೆಗೂಡಿನ ನೂಲು ಬಿಚ್ಚುವ ಕಸುಬಿನ ಹಳೆಯ ಸದಸ್ಯರೊಬ್ಬರ ವ್ಯಾನು ಬಂತು, ಅದರ ಹಿಂದೆ ಮಾಗಡಿಯ ಮೇಷ್ಟ್ರ ವ್ಯಾನು. ಅವು ಗೇಟಿನತ್ತ ತಿರುಗಲೂ ಇಲ್ಲ. ಸೀದಾ ಮಲ್ಲಣ್ಣನ ಹೊಲಕ್ಕೆ ಇಳಿದವು. ಒಳಗೆ ಧ್ವನಿವರ್ಧಕ ಕಿರುಚುತ್ತಿದ್ದರೆ, ರಸ್ತೆಯಾಚೆ ನಮ್ಮ ಕ್ಲಬ್ಬಿನ ನಿಜವಾದ ಸದಸ್ಯರು ಕುರಿಗಳ ಪಕ್ಕದಲ್ಲಿ ಮುದ್ದೆ ತಿರುವುತ್ತಿದ್ದರು.

ಕಾರ್ಯದರ್ಶಿಯವರು ಅಂದು ಸೈಟಿಗೆ ಬಂದಿದ್ದರು. ಪೈಪನ್ನು ನೋಡಿ ಅವರ ಮುಖ ಕೆಂಪಾಯಿತು.

"ನಿಮ್ಮ ಕೆಲಸ ಈ ಕಡೆ ಇದೆಯೋ, ಆ ಕಡೆ ಇದೆಯೋ? ಸೋಮವಾರದೊಳಗೆ ತೀರ್ಮಾನ ಮಾಡಿ" ಎಂದರು.

"ಸಾರ್, ಒಮ್ಮೆ ಅವರನ್ನು ನೋಡಿ ಬನ್ನಿ. ಆಮೇಲೆ ನನ್ನನ್ನು ಕಳಿಸಿದರೂ ಬೇಸರವಿಲ್ಲ" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು. ನನ್ನ ಮಗಳ ಮದುವೆ ಗೊತ್ತಾಗಿದ್ದ ವರ್ಷ ಅದು, ಕೆಲಸ ಕಳೆದುಕೊಳ್ಳುವಂತಿರಲಿಲ್ಲ.

ಕಾರ್ಯದರ್ಶಿ ಕೆಟ್ಟವರಲ್ಲ. ಬಂದರು. ವ್ಯಾನಿನೊಳಗೆ ಬೆಂಚಿನ ಮೇಲೆ ಕೂತು ಮೆತ್ತಗೆ ಹೇಳಿದರು: "ನೋಡಿಯಮ್ಮಾ, ಈ ಸ್ಥಿತಿಯಲ್ಲಿ ಇವರನ್ನ ಇಲ್ಲಿಟ್ಟುಕೊಂಡು ಯಾಕೆ ಒದ್ದಾಡ್ತೀರಿ? ಒಂದು ಕಾಟೇಜ್ ಕೊಡ್ತೀನಿ. ಬಾಡಿಗೆ ಬೇಡ. ದೊಡ್ಡ ಮಂಚ ಇದೆ, ಬಿಸಿನೀರಿದೆ."

"ನಿಮ್ ಮನಸು ದೊಡ್ದು ಸಾ. ಆದ್ರೆ ಕಾಟೇಜ್ ಬ್ಯಾಡ" ಎಂದರು ಗೌರಮ್ಮ. ಆಮೇಲೆ ಗಂಡನ ಕಡೆ ತಿರುಗಿ, "ಸಾರು ಬಂದವ್ರೆ. ಕಾಪಿ ಕೊಡಕ್ಕಿಲ್ವಾ?" ಎಂದರು.

ಶಿವಣ್ಣ ಎದ್ದರು. ವ್ಯಾನಿನೊಳಗೆ ಎರಡೂ ಬದಿಗೆ ಸೊಂಟದ ಮಟ್ಟಕ್ಕೆ ಕಬ್ಬಿಣದ ಕಂಬಿ ಹಾಕಿಸಿದ್ದರು. ಎಡಗೈಯಿಂದ ಕಂಬಿ ಹಿಡಿದು, ಬಲಗಾಲನ್ನು ಎಳೆದುಕೊಂಡು ಸ್ಟೌವಿನ ಹತ್ತಿರ ಹೋದರು. ಮೈಯನ್ನು ಕಂಬಿಗೆ ಒರಗಿಸಿ ಎಡಗೈ ಬಿಡಿಸಿಕೊಂಡರು. ಹಾಲು, ಡಿಕಾಕ್ಷನ್, ಸಕ್ಕರೆ ಎಲ್ಲ ಕೈಯಳತೆಯಲ್ಲೇ ಇದ್ದವು. ಬೆಂಕಿ ಹಚ್ಚಿದರು, ಕಾಯಿಸಿದರು, ಬೆರೆಸಿದರು. ಲೋಟ ಹಿಡಿದು, ಮೊಣಕೈಯನ್ನು ಕಂಬಿಯ ಮೇಲೆ ಜಾರಿಸುತ್ತಾ ನಮ್ಮತ್ತ ಬರತೊಡಗಿದರು. ಹೆಜ್ಜೆ ಎಳೆದಾಗ ಕಾಫಿ ತುಳುಕಿತು. ಕಾರ್ಯದರ್ಶಿ ಹಿಡಿದುಕೊಳ್ಳಲು ಎದ್ದೇಬಿಟ್ಟರು.

"ಕೂತ್ಕಳಿ ಸಾ" ಎಂದರು ಗೌರಮ್ಮ. "ಅವ್ರು ತತ್ತಾರೆ."

ತಂದರು. ಲೋಟ ಕಾರ್ಯದರ್ಶಿಯವರ ಕೈ ಸೇರಿತು.

"ಮನೇಲಿ ಅವ್ರು ಹಾಸಿಗೆ ಹಿಡ್ದೋರು ಸಾ. ಗೋಡೆಯಿಂದ ಗೋಡೆಗೆ ಅಷ್ಟು ದೂರ, ನಡುವೆ ಹಿಡ್ಕಳಕ್ಕೆ ಏನೂ ಇಲ್ಲ, ಎಲ್ಲಾನೂ ನಾನೇ ಎತ್ತಿ ಇಳಿಸ್ಬೇಕು. ನಿಮ್ ಕಾಟೇಜಲ್ಲೂ ಅಷ್ಟೇಯ. ಈ ಗಾಡೀಲಿ ಮಾತ್ರ ಅವ್ರು ಎದ್ದು ಓಡಾಡ್ತಾರೆ. ಇಲ್ಲಿ ಅವ್ರು ರೋಗಿ ಅಲ್ಲ, ಮನೆ ಯಜಮಾನ್ರು. ಒಂದು ಮಟ್ಟಾದ ಜಾಗ ಕೊಡಿ ಸಾ, ಸಾಕು."

ಕಾರ್ಯದರ್ಶಿ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದರು. ಹೊರಗೆ ಬಂದು ರಸ್ತೆ ದಾಟಿದರು. ಗೇಟಿನ ಹತ್ತಿರ ನಿಂತು, "ಈ ಕಮಾನು ಬಿಚ್ಚೋದಕ್ಕೆ ಯಾರನ್ನ ಕರೆಸಬೇಕು?" ಎಂದು ಕೇಳಿದರು. ಸೋಮವಾರದ ವಿಚಾರ ಮತ್ತೆ ಎತ್ತಲಿಲ್ಲ.

ಮುಂದಿನ ಸಮಿತಿ ಸಭೆಯಲ್ಲಿ ಹಳೆಯ ಸದಸ್ಯರ ಪರವಾಗಿ ವಾದಿಸಿದವರು ಅವರೇ. ಎಲ್ಲವೂ ಹಿಂದಿನಂತಾಯಿತೆಂದು ಹೇಳಲಾರೆ. ಕಾಟೇಜುಗಳು ಉಳಿದವು, ಡೇ ಔಟಿಂಗ್ ನಿಲ್ಲಲಿಲ್ಲ. ಆದರೆ ಬಸ್ಸುಗಳು ರಸ್ತೆ ಬದಿಗೆ ಸರಿದವು, ಮಾವಿನ ತೋಪು ವಾರದ ಎಲ್ಲ ದಿನವೂ ಕ್ಯಾರವಾನ್‌ಗಳಿಗೇ ಮೀಸಲಾಯಿತು. ಶೌಚಾಲಯದ ಮೆಟ್ಟಿಲು ಒಡೆದು ಇಳಿಜಾರು ಮಾಡಿಸಿ, ಎರಡೂ ಬದಿಗೆ ಕಂಬಿ ಹಾಕಿಸಿದೆವು. ಅದರ ಎತ್ತರವನ್ನು ಶಿವಣ್ಣನವರೇ ನಿಂತು ತೋರಿಸಿಕೊಟ್ಟರು.

ಗೌರಮ್ಮ ಆಮೇಲೂ ನಾಲ್ಕಾರು ವರ್ಷ ಅವರನ್ನು ಕರೆತಂದರು. ಅಷ್ಟು ಹಳೆಯ ಗಾಡಿಯನ್ನು ಸಾತನೂರಿನ ತಿರುವುಗಳಲ್ಲಿ ಅಷ್ಟು ನಾಜೂಕಾಗಿ ಓಡಿಸುವ ಇನ್ನೊಬ್ಬರನ್ನು ನಾನು ನೋಡಲಿಲ್ಲ.

ಇಂಥ ಸೈಟುಗಳು ಹಳೆಯ ಸದಸ್ಯರಿಗೆ ಇನ್ನೂ ಉಪಯೋಗವೇ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನಾವು ಮನಸ್ಸು ಮಾಡಿದರೆ ಹೌದು ಎನ್ನುತ್ತೇನೆ. ಸೇವೆಯೆಂದರೆ ಎದುರಿನವರಿಗಾಗಿ ಎಲ್ಲವನ್ನೂ ಮಾಡಿಕೊಡುವುದೆಂದು ನಾನೂ ನಂಬಿದ್ದೆ. ಕೆಲವರಿಗೆ ಮಾಡಬೇಕಾದ ದೊಡ್ಡ ಸೇವೆ ಬೇರೆ ಇದೆ: ನೆಲವನ್ನು ಮಟ್ಟ ಮಾಡಿಕೊಟ್ಟು, ಕಾಫಿ ತುಳುಕಿದರೂ ಕೈ ಚಾಚದೆ, ಸುಮ್ಮನೆ ಕೂತಿರುವುದು.